ನಾಲ್ಕು ಚಾಪೆ ನೆಲದ ಅದಲುಬದಲು

ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕೆಳಗಿನ ಕೋಣೆಯಲ್ಲಿ ನನ್ನ ಗಂಡ ಕಂಪ್ಯೂಟರ್ ಮುಂದೆ ಕೂತು ಕಂಪನಿಯವರ ಜೊತೆ ಮೀಟಿಂಗ್ ಮಾಡುತ್ತಿದ್ದರು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಅವರು ಡಿಸೈನ್ ಇಂಜಿನಿಯರ್. ಮೇಲಿನ ಕೋಣೆಯಲ್ಲಿ ಮಗಳಿಗೆ ಶಾಲೆಯ ಪಾಠ. ಇವೆರಡರ ನಡುವಿನ ಅಡುಗೆಮನೆಯಲ್ಲಿ ನಾನು. ಚಟ್ನಿಗೆ ಮಿಕ್ಸಿ ಹಾಕಬೇಕಾದರೂ ಇಬ್ಬರನ್ನೂ ಕೇಳಿ, ಅವರ ಮೈಕು ಮುಚ್ಚಿದೆಯೆಂದು ಖಾತ್ರಿಯಾದ ಮೇಲೆ ಅರ್ಧ ನಿಮಿಷ ತಿರುಗಿಸಿ ನಿಲ್ಲಿಸುತ್ತಿದ್ದೆ. ಜಪಾನಿನ ಕನಗಾವಾದ ಆ ಮನೆಗೆ ಬಂದು ಆಗ ಹದಿನಾಲ್ಕು ವರ್ಷ. ಅದು ಅಷ್ಟು ಚಿಕ್ಕದೆಂದು ಅಲ್ಲಿಯವರೆಗೆ ನನಗೆ ಅನ್ನಿಸಿರಲಿಲ್ಲ.

ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ಗಂಡನ ಸಂಬಳ ಕಡಿತವಾಯಿತು. ನಾನು ವಾರಕ್ಕೆ ಮೂರು ದಿನ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಮುದಾಯ ಭವನಕ್ಕೆ ಬೀಗ ಬಿತ್ತು. ಮನೆ ಮಾರಿ, ಟೋಕಿಯೋದ ಓಜಿಮಾದ ಕಡೆ ಎಲ್ಲಾದರೂ ಬಾಡಿಗೆ ಫ್ಲ್ಯಾಟ್ ಹಿಡಿದು, ಮಗಳ ಕಾಲೇಜಿನ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಳ್ಳೋಣ ಎಂದು ಮಾತಾಡಿಕೊಂಡೆವು. ಅಲ್ಲಿ ನಮ್ಮವರು ನಾಲ್ಕು ಜನ ಇದ್ದಾರೆ, ಕಷ್ಟಕ್ಕೆ ಆಗುತ್ತಾರೆ ಎಂಬ ಆಸೆಯೂ ಇತ್ತು. ಮನೆ ಮಾರಿಸುವ ಕಂಪನಿಗೆ ಫೋನ್ ಮಾಡಿದೆವು. ಒಬ್ಬ ಏಜೆಂಟ್ ಬಂದರು. ಬಾಗಿಲಲ್ಲೇ ನಿಂತು, ಎರಡು ಸಲ ಬಾಗಿ, ಒಳಗೆ ಬರುವ ಮೊದಲು ಓಣಿಯ ಬಾಯಿಗೆ ಹೋಗಿ ಟೇಪು ಹಿಡಿದರು.

ನಮ್ಮ ಮನೆ ರಸ್ತೆಗೆ ನೇರವಾಗಿ ಇಲ್ಲ. ಮುಂದಿನ ಮನೆಯ ಪಕ್ಕದಲ್ಲಿ ಒಂದು ಕಿರಿದಾದ ಓಣಿ ಇದೆ, ಅದು ನಮ್ಮ ಸೈಟಿಗೇ ಸೇರಿದ್ದು. ಅದರಲ್ಲಿ ಹದಿನಾಲ್ಕು ಮೀಟರ್ ಒಳಗೆ ಬಂದರೆ ನಮ್ಮ ಬಾಗಿಲು. ಆ ಏಜೆಂಟ್ ಮೂರು ಕಡೆ ಅಳೆದರು. ಒಂದು ಮೀಟರ್ ಅರವತ್ತು ಸೆಂಟಿಮೀಟರ್. ಸುಮಿಮಾಸೆನ್, ಕ್ಷಮಿಸಿ ಎಂದು ಮತ್ತೊಮ್ಮೆ ಬಾಗಿ, ತೀರಾ ಮೆಲ್ಲನೆಯ ದನಿಯಲ್ಲಿ ವಿಷಯ ಹೇಳಿದರು. ರಸ್ತೆಗೆ ಕನಿಷ್ಠ ಎರಡು ಮೀಟರ್ ತಾಗದ ಸೈಟಿನಲ್ಲಿ ಇರುವ ಮನೆಯನ್ನು ಕೆಡವಿ ಹೊಸದು ಕಟ್ಟಲು ಇಲ್ಲಿ ಅನುಮತಿ ಸಿಗುವುದಿಲ್ಲ. ಹಳೆಯ ಮನೆಯನ್ನು ತೇಪೆ ಹಾಕುತ್ತಾ ಇರಬಹುದು, ಅಷ್ಟೇ. ಇಂಥ ಸೈಟಿಗೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಸಾಲ ಸಿಗದಿದ್ದರೆ ಕೊಳ್ಳುವವರೂ ಇಲ್ಲ. ಇದ್ದರೂ ಅರ್ಧ ಬೆಲೆಗೆ ಕೇಳುವವರು.

ನಾವು ಕೊಂಡಾಗ ಮನೆ ಅಷ್ಟು ಅಗ್ಗಕ್ಕೆ ಏಕೆ ಸಿಕ್ಕಿತು, ಬ್ಯಾಂಕಿನ ಬದಲು ಕಂಪನಿಯಿಂದಲೇ ಸಾಲ ತೆಗೆಯಬೇಕಾಗಿ ಏಕೆ ಬಂತು ಎನ್ನುವುದು ಆವತ್ತು ಗೊತ್ತಾಯಿತು. ಏಜೆಂಟ್ ಹೋದ ಮೇಲೆ ಗಂಡ ಬೀರುವಿನಿಂದ ಹಳೆಯ ಕಾಗದ ತೆಗೆದರು. ಏಳನೆಯ ಪುಟದಲ್ಲಿ ಆ ಸಾಲು ಇತ್ತು. ಮಗಳು ಓದಿ ಹೇಳಿದಳು.

"ಆವತ್ತು ಇದು ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ.

"ಗೊತ್ತಾಗಿದ್ರೆ ಸೈನ್ ಹಾಕ್ತಿದ್ನಾ? ಒಂದೂವರೆ ಗಂಟೆ ಓದಿದ್ರು ಕಣೇ. ನಾನು ಹೌದು ಹೌದು ಅನ್ನೋ ಹಾಗೆ ಹಾಯ್ ಹಾಯ್ ಅಂತ ತಲೆ ಆಡಿಸ್ತಾ ಕೂತಿದ್ದೆ. ನೀನೂ ಪಕ್ಕದಲ್ಲೇ ಇದ್ದೆ."

ನಿಜ. ನಾನೂ ಪಕ್ಕದಲ್ಲೇ ಕೂತು, ಅವರು ಕೊಟ್ಟ ಹಸಿರು ಚಹಾ ಕುಡಿದು, ಅವರು ತೋರಿಸಿದ ಕಡೆ ಹಾಂಕೋ, ಅಂದರೆ ಸಹಿಯ ಬದಲಿನ ಹೆಸರಿನ ಮುದ್ರೆ, ಒತ್ತಿದ್ದೆ.

ಬೇಕಾಗಿದ್ದದ್ದು ನಲವತ್ತು ಸೆಂಟಿಮೀಟರ್ ಅಗಲದ ಒಂದು ಪಟ್ಟಿ. ಅಳತೆಯಲ್ಲಿ ತಪ್ಪಾಗದಂತೆ ನಲವತ್ತೈದು ಇರಲಿ ಎಂದಿದ್ದರು ಏಜೆಂಟ್. ಅದು ಇದ್ದದ್ದು ಮುಂದಿನ ಮನೆಯ ಅಜ್ಜಿಯ ಸೈಟಿನಲ್ಲಿ. ಅಜ್ಜಿ ಎಂದು ನಾವು ನಮ್ಮೊಳಗೆ ಹೇಳುತ್ತಿದ್ದದ್ದು. ಎದುರಿಗೆ ಮನೆತನದ ಹೆಸರಿಗೆ ಗೌರವದ ಸಾನ್ ಸೇರಿಸಿ ಕರೆಯುತ್ತಿದ್ದೆ. ಅವರು ನನ್ನನ್ನು ಓಕುಸಾನ್ ಎನ್ನುತ್ತಿದ್ದರು, ಅಂದರೆ ಮನೆಯಾಕೆ. ವಯಸ್ಸು ಎಂಬತ್ತರ ಹತ್ತಿರ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬನೇ ಮಗ ಫುಕುವೋಕಾದ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ನಮ್ಮ ಅವರ ಒಡನಾಟ ಬೀದಿಯ ಕಸದ ಜಾಗ ಗುಡಿಸುವ ಸರದಿ ಯಾರದೆಂದು ಸೂಚಿಸುವ ಹಲಗೆ ಕೈಯಿಂದ ಕೈಗೆ ದಾಟಿಸುವಷ್ಟು, ಹೊಸವರ್ಷಕ್ಕೆ ಅವರು ತಪ್ಪದೆ ಕೊಡುತ್ತಿದ್ದ ಒಂದು ಪೆಟ್ಟಿಗೆ ಕಿತ್ತಳೆಯಷ್ಟು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಅವರು ಆ ಪೆಟ್ಟಿಗೆ ಮರೆತಿರಲಿಲ್ಲ.

ಒಂದು ಬೆಳಗ್ಗೆ ಮಾಸ್ಕ್ ಹಾಕಿಕೊಂಡು ಅವರ ಗೇಟಿನ ಹೊರಗೆ ನಿಂತು ಕೇಳಿದೆ. ಓಣಿಯ ಪಕ್ಕದ ಪಟ್ಟಿಯನ್ನು ಮಾರುತ್ತೀರಾ, ಕಂತಿನಲ್ಲಿ ಕೊಟ್ಟರೆ ಆಗುತ್ತದೆಯೇ ಎಂದು. ಮಾತು ಪೂರ್ತಿ ಆಗುವ ಮೊದಲೇ ಅವರ ಮುಖ ಬಣ್ಣಗೆಟ್ಟಿತು. ನಾನು ಕೇಳಬಾರದ್ದು ಕೇಳಿದೆ ಎಂದುಕೊಂಡು ಕ್ಷಮೆ ಕೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದು, ಹಿತ್ತಿಲಿಗೆ ಬನ್ನಿ ಎಂದರು.

ಅವರ ಅಡುಗೆಮನೆಯ ಹಿಂದೆ ನಮ್ಮ ಸೈಟಿನ ಒಂದು ಮೂಲೆ ತ್ರಿಕೋನವಾಗಿ ಚಾಚಿಕೊಂಡಿದೆ. ಅಲ್ಲಿ ನಾನು ಮೆಂತ್ಯ, ಹರಿವೆ, ಹಸಿಮೆಣಸು ಹಾಕಿದ್ದೆ. ಅಜ್ಜಿ ತಮ್ಮ ಅಡುಗೆಮನೆಯ ಸೂರಿನ ಕಡೆ ಕೈ ತೋರಿಸಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಗ್ಯಾಸ್ ಗೀಸರನ್ನು, ಅದರ ಕೆಳಗಿನ ಮೋರಿಯನ್ನು ತೋರಿಸಿದರು.

"ಇದೆಲ್ಲ ನಿಮ್ಮ ನೆಲದ ಮೇಲಿದೆ," ಎಂದರು. "ಅಡುಗೆಮನೆ ದೊಡ್ಡದು ಮಾಡುವಾಗ ನಮ್ಮ ಯಜಮಾನರು ಅಳತೆ ತಪ್ಪಿದರು. ಆಗ ಹಿಂದಿನ ಮನೆ ಖಾಲಿ ಇತ್ತು, ಯಾರೂ ಕೇಳಲಿಲ್ಲ. ನೀವು ಬಂದ ದಿನದಿಂದ, ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾಯುತ್ತಿದ್ದೇನೆ."

ಹಾಗೆಂದು ಅವರು ನನಗೆ ಸೊಂಟ ಬಗ್ಗಿಸಿ ಬಾಗಿದರು. ಏಳಲೇ ಇಲ್ಲ. ಎಂಬತ್ತರ ಹೆಂಗಸು ಮೆಂತ್ಯದ ಮಡಿಯ ಮುಂದೆ ಹಾಗೆ ಬಾಗಿ ನಿಂತಿದ್ದು ನೋಡಿ ನಾನೂ ಬಾಗಿದೆ. ಆ ಕಾಲದಲ್ಲಿ ಯಾರನ್ನೂ ಮುಟ್ಟುವಂತಿರಲಿಲ್ಲ, ಭುಜ ಹಿಡಿದು ಎತ್ತುವಂತಿರಲಿಲ್ಲ. ಹದಿನಾಲ್ಕು ಪೆಟ್ಟಿಗೆ ಕಿತ್ತಳೆಯಲ್ಲಿ ಎಷ್ಟು ಪ್ರೀತಿ ಇತ್ತು, ಎಷ್ಟು ಅಳುಕು ಇತ್ತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಎರಡೂ ಇದ್ದವೆಂದೇ ನನ್ನ ಎಣಿಕೆ. ಕಿತ್ತಳೆಗಳಂತೂ ಸಿಹಿಯಾಗಿಯೇ ಇರುತ್ತಿದ್ದವು.

ಪಟ್ಟಿಯನ್ನು ಕೊಡಲು ಅವರು ಒಪ್ಪಿದರು, ಆದರೆ ಮಾರಲು ಒಪ್ಪಲಿಲ್ಲ. ಕಾರಣ ಎರಡು. ಮಾವ ಸಂಪಾದಿಸಿದ ನೆಲವನ್ನು ದುಡ್ಡಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಮಾವ ಹೋಗಿ ಎಷ್ಟೋ ಕಾಲವಾಗಿದ್ದರೂ ಅವರು ದಿನಾ ಬೆಳಗ್ಗೆ ಫೋಟೋದ ಮುಂದೆ ಅನ್ನ ಇಟ್ಟು ಮಾತಾಡುತ್ತಿದ್ದರು, ಹಾಗಾಗಿ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಎರಡನೆಯದು ತೆರಿಗೆ. ಮಾವ ಆ ನೆಲವನ್ನು ಎಷ್ಟಕ್ಕೆ ಕೊಂಡರೆಂಬ ಕಾಗದ ಉಳಿದಿರಲಿಲ್ಲ. ಹಾಗಿದ್ದರೆ ಮಾರಿದ ಬೆಲೆಯಲ್ಲಿ ನೂರಕ್ಕೆ ಐದನ್ನು ಬಿಟ್ಟು ಉಳಿದದ್ದೆಲ್ಲ ಲಾಭವೆಂದು ಲೆಕ್ಕ. ಅದಕ್ಕೆ ತೆರಿಗೆ ಕಟ್ಟಬೇಕು. ಅದಕ್ಕಿಂತ ಅವರಿಗೆ ಹೆದರಿಕೆ ಇದ್ದದ್ದು ಅದರ ಹಿಂದೆ ಬರುವುದರ ಬಗ್ಗೆ. ಆ ಒಂದು ವರ್ಷ ಅವರ ಆದಾಯ ದೊಡ್ಡದಾಗಿ ಕಾಣುತ್ತದೆ. ವಯಸ್ಸಾದವರ ಆರೋಗ್ಯ ವಿಮೆಯ ಕಂತು ಏರುತ್ತದೆ, ಆಸ್ಪತ್ರೆಯಲ್ಲಿ ಕೈಯಿಂದ ಕೊಡುವ ಪಾಲೂ ಏರಬಹುದು. ಪಿಂಚಣಿಯಲ್ಲಿ ಬದುಕುವವರು ಅವರು.

"ಒಂದು ವರ್ಷ ಕಾಗದದ ಮೇಲೆ ಸಾಹುಕಾರಳಾಗಿ, ಅದರ ಮುಂದಿನ ವರ್ಷ ಡಾಕ್ಟರ ಹತ್ತಿರ ಹೋಗಲು ಯೋಚಿಸಬೇಕಾಗುತ್ತದೆ," ಎಂದರು.

ಗಂಡನ ಆಸ್ತಿ ತಮ್ಮ ಹೆಸರಿಗೆ ಬಂದಾಗ ಕಾಗದ ಮಾಡಿಕೊಟ್ಟ ತೆರಿಗೆ ಸಲಹೆಗಾರರನ್ನು ಕೇಳೋಣ ಎಂದು ಹೇಳಿದವರೂ ಅವರೇ. ಆ ಸಲಹೆಗಾರರ ಆಫೀಸು ಸ್ಟೇಷನ್ನಿನ ಹಿಂದೆ, ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿತ್ತು. ಅವರಿಗೂ ಎಪ್ಪತ್ತು ದಾಟಿತ್ತು. ಮಾಸ್ಕಿನ ಮೇಲೆ ಮಾಸ್ಕ್, ನಡುವೆ ಪ್ಲಾಸ್ಟಿಕ್ ಪರದೆ, ಕಿಟಕಿಗಳೆಲ್ಲ ತೆರೆದು ಕೆಳಗಿನಿಂದ ಸೋಪಿನ ಹಬೆ ಬರುತ್ತಿತ್ತು. ನನ್ನ ಜಪಾನಿ ಅಂಗಡಿಗೆ, ಶಾಲೆಗೆ ಸಾಲುತ್ತದೆ, ಕಾನೂನಿಗೆ ಸಾಲದು. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಹದಿನಾರು. ಅಲ್ಲಿಗೆ ಬರುವುದು ಇಷ್ಟವಿಲ್ಲವೆಂದು ದಾರಿಯುದ್ದಕ್ಕೂ ಜಪಾನಿಯಲ್ಲೇ ಗೊಣಗಿದ್ದಳು.

ಸಲಹೆಗಾರರು ಎರಡು ಬಿಳಿ ಹಾಳೆಯ ಮೇಲೆ ಎರಡು ಸೈಟು ಬರೆದರು. ಮಾರಬೇಡಿ, ಅದಲುಬದಲು ಮಾಡಿಕೊಳ್ಳಿ, ಎಂದರು. ನೆಲಕ್ಕೆ ನೆಲ. ಅಜ್ಜಿಯ ಪಟ್ಟಿ ಹೆಚ್ಚುಕಡಿಮೆ ನಾಲ್ಕು ತತಾಮಿ ಚಾಪೆಯಷ್ಟು, ಅಂದರೆ ಆರು ಚದರ ಮೀಟರಿಗೆ ತುಸು ಹೆಚ್ಚು. ನಮ್ಮ ತ್ರಿಕೋನ ಅದಕ್ಕಿಂತ ತುಸು ದೊಡ್ಡದು, ಆದರೆ ಹಿಂಬದಿಯದು, ಹಾಗಾಗಿ ಬೆಲೆ ಕಡಿಮೆ. ಎರಡರ ಬೆಲೆಯ ನಡುವಿನ ವ್ಯತ್ಯಾಸ, ಹೆಚ್ಚು ಬೆಲೆಯದರ ಐದನೇ ಒಂದು ಪಾಲನ್ನು ಮೀರಬಾರದು. ಇಬ್ಬರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ನೆಲದ ಒಡೆಯರಾಗಿರಬೇಕು. ತೆಗೆದುಕೊಂಡ ನೆಲವನ್ನು, ಕೊಟ್ಟ ನೆಲ ಯಾವುದಕ್ಕೆ ಬಳಕೆಯಾಗುತ್ತಿತ್ತೋ ಅದಕ್ಕೇ ಬಳಸಬೇಕು. ಇಷ್ಟು ಸರಿಯಿದ್ದರೆ, ಲಾಭವಾಗಿದ್ದರೂ ಈಗ ಆಗಿಲ್ಲವೆಂದೇ ಸರ್ಕಾರ ಭಾವಿಸುತ್ತದೆ. ಅಜ್ಜಿಯ ಆದಾಯ ಏರುವುದಿಲ್ಲ, ವಿಮೆಯ ಕಂತೂ ಏರುವುದಿಲ್ಲ.

ಹಾಗಾದರೆ ತೆರಿಗೆಯೇ ಇಲ್ಲವೇ ಎಂದು ಮಗಳಿಂದ ಕೇಳಿಸಿದೆ. ಅವರು ಉದ್ದವಾಗಿ ಏನೋ ಹೇಳಿದರು. ಮಗಳು ನನ್ನ ಕಡೆ ತಿರುಗಿದಳು.

"ಕ್ಯಾನ್ಸಲ್ ಅಲ್ಲ ಅಮ್ಮ, ಪೋಸ್ಟ್‌ಪೋನ್. ಹಳೇ ರೇಟು ಹೊಸ ಲ್ಯಾಂಡ್‌ಗೆ ಅಂಟ್ಕೊಂಡು ಬರುತ್ತಂತೆ. ಯಾವತ್ತಾದ್ರೂ ಯಾರಾದ್ರೂ ಮಾರಿದ್ರೆ ಅವ್ರು ಎಲ್ಲಾ ಕಟ್ಬೇಕು."

ಅವಳು ಕನ್ನಡದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಬಹಳ ದಿನಗಳ ಮೇಲೆ. ಅದು ತೆರಿಗೆಯ ಬಗ್ಗೆ ಆಗಬೇಕಾಯಿತು.

ಇನ್ನೊಂದು ಮಾತನ್ನು ಸಲಹೆಗಾರರು ನನ್ನ ಕಡೆಯೇ ನೋಡಿ, ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದರು. ತ್ರಿಕೋನದಲ್ಲಿ ತರಕಾರಿ ಬೆಳೆದಿದ್ದೀರಂತೆ. ಕಾಗದದಲ್ಲಿ ಅದು ಮನೆಯ ನೆಲವೇ. ಆದರೂ ಯಾರಾದರೂ ಬಂದು ನೋಡಿ ಹೊಲ ಎಂದರೆ ತಕರಾರಾಗುತ್ತದೆ. ಹೊಲಕ್ಕೂ ಮನೆಯ ನೆಲಕ್ಕೂ ಅದಲುಬದಲು ನಡೆಯುವುದಿಲ್ಲ. ಅಂಥ ಸಂದೇಹಕ್ಕೆ ಎಡೆ ಬೇಡ. ದಯವಿಟ್ಟು ತೆಗೆದುಬಿಡಿ.

ಮರುದಿನ ಗಂಡನ ಮೀಟಿಂಗ್ ನಡೆಯುತ್ತಿರುವಾಗ ನಾನು ಎಲ್ಲವನ್ನೂ ಕಿತ್ತೆ. ನಾಲ್ಕು ಹಿಡಿ ಮೆಂತ್ಯ, ಒಂದು ಬುಟ್ಟಿ ಹರಿವೆ, ಇನ್ನೂ ಹೂ ಬಿಡುತ್ತಿದ್ದ ಎಂಟು ಮೆಣಸಿನ ಗಿಡ. ನಮ್ಮ ದೇಶದ ಅಂಗಡಿಗಳಿರುವ ಟೋಕಿಯೋದ ನಿಶಿ ಕಸಾಯಿಗೆ ಹೋಗಿ ಸೊಪ್ಪು ತರುವುದು ರೈಲಿನ ಭಯದಿಂದ ನಿಂತುಹೋಗಿದ್ದ ಕಾಲ ಅದು. ಮಣ್ಣನ್ನು ಕಾಲಿನಿಂದ ತುಳಿದು ಮಟ್ಟ ಮಾಡಿದೆ. ಅಜ್ಜಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ತಮ್ಮ ಕಡೆಯಿಂದ ಪೊರಕೆ ಹಿಡಿದು ಬೇರುಗಳನ್ನು ಗುಡಿಸಿದರು. ಹರಿವೆಯಲ್ಲಿ ಅರ್ಧ ಅವರಿಗೆ ಕೊಟ್ಟೆ. ಹೇಗೆ ಬೇಯಿಸಬೇಕೆಂದು ಕೇಳಿದರು. ಹೇಳಿದೆ. ಸೋಯಾ ಸಾಸ್ ಹಾಕಿ ತಿಂದೆ, ಚೆನ್ನಾಗಿತ್ತು ಎಂದು ಮರುದಿನ ತಿಳಿಸಿದರು.

ಇಷ್ಟು ಚಿಕ್ಕ ಕೆಲಸ ಮುಗಿಯಲು ಎಂಟು ತಿಂಗಳು ಹಿಡಿಯಿತು. ಸರ್ವೆಯವರು ಬರುವ ದಿನ ಅವರ ಆಫೀಸಿನಲ್ಲಿ ಯಾರಿಗೋ ಸೋಂಕು. ಇನ್ನೊಂದು ದಿನ ಗೊತ್ತು ಮಾಡಿದರೆ ತುರ್ತು ಪರಿಸ್ಥಿತಿಯ ಘೋಷಣೆ. ಗಡಿಗೆ ಸಾಕ್ಷಿಯಾಗಿ ನಿಲ್ಲಬೇಕಾದ ಪಕ್ಕದ ಸೈಟಿನವರು ಮನೆಯಿಂದ ಹೊರಗೆ ಬರಲು ಒಪ್ಪಲಿಲ್ಲ. ಅವರ ಒಪ್ಪಿಗೆಯ ಕಾಗದ ಅಂಚೆಯಲ್ಲಿ ಹೋಗಿ ಅಂಚೆಯಲ್ಲಿ ಬಂತು, ಮುದ್ರೆ ಮಸುಕಾಗಿತ್ತೆಂದು ಮತ್ತೆ ಹೋಯಿತು. ಹಾಂಕೋದ ದೃಢೀಕರಣ ಪತ್ರಕ್ಕೆ ಮುನಿಸಿಪಲ್ ಆಫೀಸಿಗೆ ಹೋದರೆ ನೆಲದ ಮೇಲೆ ಅಂಟಿಸಿದ ಹಳದಿ ಗುರುತುಗಳ ಮೇಲೆ ನಿಂತು ಕಾಯಬೇಕು. ಒಂದು ಪತ್ರದ ಅವಧಿ ಮೂರು ತಿಂಗಳು, ಅದು ಮುಗಿದುಹೋಗಿ ಎರಡನೆಯದು ತಂದೆವು. ಸರ್ವೆಯ ಖರ್ಚು, ನೋಂದಣಿಯ ಶುಲ್ಕ ನಾವೇ ಹೊರುತ್ತೇವೆಂದು ಮೊದಲೇ ಹೇಳಿದ್ದೆವು. ಗಂಡ ಪ್ರತಿ ಕಾಗದವನ್ನೂ ಈಗ ಎರಡು ಸಲ ಓದಿಸಿ, ಮೂರನೆಯ ಸಲ ಫೋನಿನಲ್ಲಿ ಅನುವಾದ ಮಾಡಿ ನೋಡಿಯೇ ಮುದ್ರೆ ಒತ್ತುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಓದುತ್ತಾ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಎಬ್ಬಿಸಲಿಲ್ಲ.

ಎರಡನೆಯ ವರ್ಷದ ವಸಂತದಲ್ಲಿ ಹೊಸ ಬಾಂದುಕಲ್ಲು ನೆಟ್ಟರು. ಓಣಿಯ ಅಗಲ ಎರಡು ಮೀಟರ್ ಐದು ಸೆಂಟಿಮೀಟರ್ ಆಯಿತು. ಅಜ್ಜಿಯ ಸೂರು, ಗೀಸರು, ಮೋರಿ ಅವರದೇ ನೆಲದ ಮೇಲೆ ನಿಂತವು. ಅವತ್ತು ಅವರು ಅಡುಗೆಮನೆಯ ಹಿಂಬಾಗಿಲಿನ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿ ಕೂರುವುದಕ್ಕೆ ನೋಡುವಂಥದ್ದೇನೂ ಇಲ್ಲ, ಎದುರಿಗೆ ನಮ್ಮ ಸ್ನಾನದಮನೆಯ ಗೋಡೆ. ಆದರೂ ಆ ವಾರವೆಲ್ಲ ಮಧ್ಯಾಹ್ನ ಕೂತಿರುತ್ತಿದ್ದರು. ಮಗನಿಗೆ ಹೇಳಿದ್ದೀರಾ ಎಂದು ಕೇಳಿದೆ. ಫೋನಿನಲ್ಲಿ ಹೇಳಿದೆ, ಅವನಿಗೆ ಕೆಲಸ ಜಾಸ್ತಿ, ಹೂಂ ಎಂದ, ಎಂದರು. ಬರಬೇಡ, ರೈಲು ವಿಮಾನ ಬೇಡ ಎಂದು ಒಂದು ವರ್ಷದಿಂದ ಮಗನನ್ನು ತಡೆದವರೂ ಅವರೇ.

ಇನ್ನೊಂದೇ ಕೆಲಸ ಬಾಕಿ ಇತ್ತು. ತೆರಿಗೆ ಬರದಿದ್ದರೂ, ಅದಲುಬದಲು ಮಾಡಿಕೊಂಡೆವು ಎಂದು ಮುಂದಿನ ಫೆಬ್ರವರಿ ಮಾರ್ಚಿನಲ್ಲಿ ಇಬ್ಬರೂ ತೆರಿಗೆ ಕಚೇರಿಗೆ ಫಾರಂ ಕೊಡಬೇಕು. ಕೊಡದಿದ್ದರೆ ರಿಯಾಯಿತಿ ಇಲ್ಲ. ಇಬ್ಬರೂ ಒಟ್ಟಿಗೆ ಹೋಗೋಣ, ಬರುವಾಗ ಸ್ಟೇಷನ್ನಿನ ಹತ್ತಿರ ಕಾಫಿ ಕುಡಿಯೋಣ ಎಂದು ಅಜ್ಜಿ ಹೇಳಿದ್ದರು.

ಬೇಸಿಗೆಯ ಕೊನೆಯಲ್ಲಿ ಅವರಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಕೊರೊನಾ ಅಲ್ಲ, ಬಹಳ ದಿನದಿಂದ ಒಳಗೇ ಬೆಳೆದಿದ್ದ ಗೆಡ್ಡೆ. ಕಾಯಿಲೆಯವರಿಂದ ತುಂಬಿದ ಆಸ್ಪತ್ರೆಗೆ ಹೋಗಲು ಹೆದರಿ ತಪಾಸಣೆಯನ್ನು ಅವರು ಒಂದೂವರೆ ವರ್ಷ ಮುಂದಕ್ಕೆ ಹಾಕಿದ್ದರು. ಆಂಬ್ಯುಲೆನ್ಸ್ ಕರೆದದ್ದು ನಾನು. ಸ್ಟ್ರೆಚರಿನ ಮೇಲಿಂದ ಅವರು ಗ್ಯಾಸ್ ಆರಿಸಿದ್ದೇನೆಯೇ ನೋಡಿ ಎಂದರು. ನೋಡಿದೆ. ಆರಿಸಿದ್ದರು. ಮತ್ತೆ ಅವರನ್ನು ನಾನು ನೋಡಲಿಲ್ಲ. ಆಸ್ಪತ್ರೆಯಲ್ಲಿ ಭೇಟಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಟ್ಟೆಯ ಚೀಲವನ್ನು ಕೆಳಗಿನ ಕೌಂಟರಿನಲ್ಲಿ ಕೊಟ್ಟು ಬರುತ್ತಿದ್ದೆ. ಅಕ್ಟೋಬರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮನೆಯವರಿಗೆ ಮಾತ್ರ. ಮನೆಯವರೆಂದರೆ ಮಗ ಒಬ್ಬರೇ.

ಅವರ ಮಗನನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಐವತ್ತರ ಆಸುಪಾಸು, ತೆಳ್ಳಗೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ಕಪ್ಪು ಕೋಟಿನಲ್ಲಿ ಮನೆಯ ಸಾಮಾನು ಹೊರಗೆ ಇಡುತ್ತಿದ್ದರು. ನಾಲ್ಕನೆಯ ದಿನ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ನೋಂದಣಿಯ ಕಾಗದ. ಒಳಗೆ ಕರೆದೆವು, ಬರಲಿಲ್ಲ. ಗಂಡ, ನಾನು ಚಪ್ಪಲಿ ಮೆಟ್ಟಿ ಓಣಿಯಲ್ಲೇ ಅವರೆದುರು ನಿಂತೆವು. ಅವರು ಬಹಳ ಸಭ್ಯವಾಗಿ ಮಾತಾಡಿದರು. ಜಪಾನಿಯಲ್ಲಿ ಸಿಟ್ಟು ಎಷ್ಟು ಹೆಚ್ಚೋ ಸಭ್ಯತೆ ಅಷ್ಟು ಹೆಚ್ಚು ಎಂದು ಇಷ್ಟು ವರ್ಷದಲ್ಲಿ ನಮಗೂ ತಿಳಿದಿತ್ತು. ರಸ್ತೆಗೆ ತಾಗಿದ ನೆಲ ಹೋಗಿದೆ, ಹಿಂದಿನ ಮೂಲೆ ಬಂದಿದೆ, ದುಡ್ಡು ಏನೂ ಬಂದಂತಿಲ್ಲ, ಇದು ಹೇಗೆ ಎಂದು ಕೇಳಿದರು. ಗಂಡ ವಿವರಿಸಲು ಹೊರಟರು. ಅವರು ತಲೆ ಅಲ್ಲಾಡಿಸಿದರು.

"ನನ್ನ ತಾಯಿ ಮುದ್ರೆ ಒತ್ತುವಾಗ ಅದೇನೆಂದು ಅವರಿಗೆ ಅರ್ಥವಾಗಿತ್ತೇ?"

ಆ ಪ್ರಶ್ನೆ ನನಗೆ ತಾಗಬೇಕಾದ್ದಕ್ಕಿಂತ ಹೆಚ್ಚು ತಾಗಿತು. ಅರ್ಥವಾಗದೆ ಮುದ್ರೆ ಒತ್ತಿದವರು ನಾವು. ಅದರಿಂದಲೇ ಇಷ್ಟೆಲ್ಲ ಆದದ್ದು. ಈಗ ಅದೇ ಮಾತನ್ನು ನಮ್ಮಿಂದ ಮೋಸಹೋದವರ ಕಡೆಯಿಂದ ಎಂಬಂತೆ ಕೇಳುತ್ತಿದ್ದರು. ನಾನು ನನ್ನ ಹರುಕು ಜಪಾನಿಯಲ್ಲಿ ಹೇಳಿದೆ:

"ಅರ್ಥವಾಗಿತ್ತು. ನಮಗೆ ಅರ್ಥವಾಗುವ ಹಾಗೆ ಹೇಳಿದವರೇ ಅವರು. ಒಂದು ಸಲ ಹಿತ್ತಿಲಿಗೆ ಬನ್ನಿ."

ಅವರನ್ನು ಅವರದೇ ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದೆ. ಸೂರು ತೋರಿಸಿದೆ, ಹಳೆಯ ಗಡಿ ಎಲ್ಲಿತ್ತೆಂದು ಕಾಲಿನಿಂದ ಗೆರೆ ಎಳೆದು ತೋರಿಸಿದೆ. ಗೆರೆ ಗೋಡೆಗೆ ತೀರಾ ಹತ್ತಿರ ಬಂತು; ಗೀಸರು, ಮೋರಿ, ಸೂರಿನ ಅಂಚು ಎಲ್ಲ ಆಗ ನಮ್ಮದಾಗಿದ್ದ ನೆಲದ ಕಡೆಗೆ ಉಳಿದವು. ಅವರು ಸೂರಿನ ಅಂಚನ್ನು ತುಂಬ ಹೊತ್ತು ನೋಡಿದರು. ತಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಕಟ್ಟಿಸಿದ್ದು ಎಂದರು. ಅಷ್ಟೇ. ಕುರ್ಚಿ ಇನ್ನೂ ಅಲ್ಲೇ ಇತ್ತು. ಅದನ್ನು ಮಡಿಸಿ ಒಳಗೆ ತೆಗೆದುಕೊಂಡು ಹೋದರು.

ಸಲಹೆಗಾರರು ನಮಗೆ ಫೋನ್ ಮಾಡಿ ಇನ್ನೊಂದು ಚಿಂತೆ ತಂದಿಟ್ಟರು. ಸತ್ತವರ ಆ ವರ್ಷದ ತೆರಿಗೆಯ ಫಾರಂ ಅನ್ನು ಮಕ್ಕಳು ನಾಲ್ಕು ತಿಂಗಳೊಳಗೆ ಕೊಡಬೇಕು. ಅದಲುಬದಲಿನ ರಿಯಾಯಿತಿಯನ್ನು ಅದರಲ್ಲೇ ಬರೆಯಬೇಕು. ಮಗ ಮನೆಯನ್ನು ಬೇಗ ಕೆಡವಿ ಸೈಟು ಮಾರುವ ಯೋಚನೆಯಲ್ಲಿದ್ದಾರೆ. ಫಾರಂ ಕೊಡುವ ಮೊದಲೇ ಹಾಗೆ ಮಾಡಿದರೆ, ತೆಗೆದುಕೊಂಡ ನೆಲದ ಬಳಕೆಯ ಪ್ರಶ್ನೆ ಎದ್ದು, ರಿಯಾಯಿತಿ ತಪ್ಪಿ, ಅಜ್ಜಿಯ ಹೆಸರಿನಲ್ಲೇ ತೆರಿಗೆ ಬರಬಹುದು. ನನ್ನ ಸಲಹೆ ಹೇಳಿದ್ದೇನೆ, ಅವರು ಬೇರೆಯವರನ್ನು ಕೇಳುತ್ತೇನೆಂದು ಫುಕುವೋಕಾಗೆ ಹೋಗಿದ್ದಾರೆ, ಎಂದರು. ನಮ್ಮ ಭಾಗಕ್ಕೆ ಇದರಿಂದ ತೊಂದರೆಯಿಲ್ಲ ಎಂದೂ ಸೇರಿಸಿದರು. ಅದು ಸಮಾಧಾನದ ಮಾತು. ಆದರೂ ಆ ಚಳಿಗಾಲವೆಲ್ಲ ಮುಂದಿನ ಮನೆಯ ಮುಚ್ಚಿದ ಕಿಟಕಿಗಳನ್ನು ನೋಡಿದಾಗಲೆಲ್ಲ ಅದೇ ಯೋಚನೆ. ಅಜ್ಜಿ ಹೆದರಿದ್ದದ್ದೇ ಆ ಆದಾಯದ ಅಂಕಿಗೆ. ಅವರು ಸತ್ತ ಮೇಲೆ ಅವರ ಹೆಸರಿನ ಮುಂದೆ ಅದು ಬರುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಗಂಡನಿಗೆ ಹೇಳಿದೆ.

"ನಾವು ಫೋನ್ ಮಾಡಿ ಹೇಳಿದ್ರೆ ಇನ್ನೂ ಡೌಟ್ ಬರುತ್ತೆ. ಬಿಟ್ಬಿಡು," ಎಂದರು.

ಬಿಟ್ಟೆ. ಬೇರೆ ದಾರಿ ಇರಲಿಲ್ಲ. ಸಮುದಾಯ ಭವನ ವಾರಕ್ಕೆ ಒಂದು ದಿನ ತೆರೆದಿತ್ತು. ಪರದೆಯ ಆಚೆ ಕೂತ ಐದು ಮಕ್ಕಳಿಗೆ ಮಾಸ್ಕಿನೊಳಗಿಂದ ಅಕ್ಷರಗಳ ಉಚ್ಚಾರ ಹೇಳಿಕೊಡುತ್ತಿದ್ದೆ. ನನ್ನ ತುಟಿ ಅವರಿಗೆ ಕಾಣದು, ಅವರದು ನನಗೆ ಕಾಣದು. ಮನೆಗೆ ಬಂದು ಮಲಗಿದರೆ ಏಳುವ ಮನಸ್ಸಾಗುತ್ತಿರಲಿಲ್ಲ.

ಫೆಬ್ರವರಿಯ ಮೊದಲ ವಾರ ಒಂದು ಲಕೋಟೆ ಬಂತು. ಒಳಗೆ ತೆರಿಗೆ ಕಚೇರಿಯ ಮುದ್ರೆ ಬಿದ್ದ ಫಾರಂನ ಪ್ರತಿ. ಪತ್ರ ಇರಲಿಲ್ಲ. ಮೇಲೆ ಅಂಟಿಸಿದ್ದ ಹಳದಿ ಚೀಟಿಯಲ್ಲಿ ಎರಡು ಸಾಲು. ಮಗಳು ಓದಿದಳು. ಸಲ್ಲಿಸಿದ್ದೇನೆ. ತಾಯಿಯ ಬಟ್ಟೆ ಆಸ್ಪತ್ರೆಗೆ ಮುಟ್ಟಿಸುತ್ತಿದ್ದವರು ನೀವೆಂದು ನರ್ಸ್ ಹೇಳಿದರು.

ಮಾರ್ಚಿನಲ್ಲಿ ಗಂಡ ಮತ್ತು ನಾನು ನಮ್ಮ ಫಾರಂ ಕೊಡಲು ಹೋದೆವು. ಸಂಖ್ಯೆಯ ಚೀಟಿ ಹಿಡಿದು ಒಂದೂವರೆ ಗಂಟೆ ನಿಂತೆವು. ಕೌಂಟರಿನಲ್ಲಿದ್ದ ಹುಡುಗಿ ತೆರಿಗೆ ಸೊನ್ನೆ ಎಂದು ಓದಿ, ಇಷ್ಟಕ್ಕಾಗಿ ಇಷ್ಟು ಹೊತ್ತು ಕಾದಿರಾ ಎಂಬಂತೆ ನಮ್ಮನ್ನು ನೋಡಿ, ಮುದ್ರೆ ಹಾಕಿದಳು. ಹೊರಗೆ ಬಂದಾಗ ಗಾಳಿ ತಣ್ಣಗಿತ್ತು. ಸ್ಟೇಷನ್ನಿನ ಹತ್ತಿರದ ಕಾಫಿ ಅಂಗಡಿ ಆ ಎರಡು ವರ್ಷದಲ್ಲಿ ಮುಚ್ಚಿಹೋಗಿತ್ತು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಡಬ್ಬಿ ಕಾಫಿ ತೆಗೆದುಕೊಂಡು ನಿಂತೇ ಕುಡಿದೆವು.

"ಈಗ ಮಾರ್ಬಹುದು ನೋಡು ಮನೇನ," ಎಂದರು ಗಂಡ. "ಬ್ಯಾಂಕ್ ಲೋನ್ ಸಿಗುತ್ತೆ, ಒಳ್ಳೆ ರೇಟ್ ಬರುತ್ತೆ."

"ಸ್ವಲ್ಪ ದಿನ ಸುಮ್ನೆ ಕೂತ್ಕೊಳ್ಳೋಣ ರೀ. ಮತ್ತೆ ಕಾಗದ ಹಿಡ್ಕೊಂಡು ಓಡಾಡೋಕೆ ನನ್ ಕೈಲಾಗಲ್ಲ."

ಅವರು ಬೇಡವೆನ್ನಲಿಲ್ಲ. ಅವರ ಸಂಬಳವೂ ಆ ಹೊತ್ತಿಗೆ ಮುಕ್ಕಾಲು ವಾಸಿ ಹಿಂದಿನಂತಾಗಿತ್ತು. ಓಜಿಮಾದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಜ್ಜಿಯ ಮಗ ಅದರ ಮುಂದಿನ ವರ್ಷ ಸೈಟು ಮಾರಿದರು. ಮಾರುವ ಮೊದಲು ಒಂದು ದಿನ ಫೋನ್ ಮಾಡಿದರು. ಕೊಳ್ಳುವ ಕಂಪನಿಯವರು ಎರಡು ಮನೆ ಕಟ್ಟುತ್ತಾರೆ, ಧೂಳು ಗದ್ದಲ ಇರುತ್ತದೆ, ಮುಂಚಿತವಾಗಿ ಕ್ಷಮೆ ಕೇಳುತ್ತೇನೆ ಎಂದರು. ನಾನು ತೆರಿಗೆಯ ವಿಷಯ ಕೇಳಬಾರದಿತ್ತು, ಆದರೂ ಕೇಳಿದೆ. ಹಿಂದಿನ ತ್ರಿಕೋನವೂ ಸೇರಿ ಎಲ್ಲಕ್ಕೂ ತಾತನ ಕಾಲದ ಬೆಲೆಯನ್ನೇ ಹಿಡಿಯಬೇಕಂತೆ, ಅದಕ್ಕೆ ಕಾಗದವೂ ಇಲ್ಲ, ಎಂದರು.

"ತಾಯಿ ಮುಂದಕ್ಕೆ ಹಾಕಿದ್ದು ನನ್ನ ಹತ್ತಿರ ಬಂತು. ಪರವಾಗಿಲ್ಲ. ನನಗೆ ಸಂಬಳ ಇದೆ, ಅವರಿಗೆ ಇರಲಿಲ್ಲ."

ಆಮೇಲೆ, ತಾಯಿ ಕೊನೆಯ ವರ್ಷ ಫೋನಿನಲ್ಲಿ ಹಿತ್ತಿಲಿನ ವಿಷಯ ಬಹಳ ಸಲ ಹೇಳುತ್ತಿದ್ದರು, ತಾನು ಕೆಲಸ ಮಾಡುತ್ತಾ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ, ಅವರು ಏನು ಹೇಳುತ್ತಿದ್ದರು ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಅವರು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದನ್ನು ಹೇಳಿದೆ. ಎಷ್ಟು ಹೊತ್ತಿಗೆ ಎಂದು ಕೇಳಿದರು. ಮಧ್ಯಾಹ್ನ ಎರಡಕ್ಕೆ ಬಂದರೆ ನಾಲ್ಕರವರೆಗೆ ಎಂದೆ. ಕೈಯಲ್ಲಿ ಏನಾದರೂ ಇರುತ್ತಿತ್ತೇ? ಚಹಾ ಇರುತ್ತಿತ್ತು. ಕೆಲವು ಸಲ ಬಟಾಣಿ ಸುಲಿಯುತ್ತಿದ್ದರು. ಅವರು ಹೌದಾ, ಹೌದಾ ಎನ್ನುತ್ತಾ ಕೇಳಿದರು. ನನಗೆ ನೆನಪಿದ್ದಷ್ಟನ್ನೂ ಹೇಳಿದೆ. ಅರಿಗಾತೋ, ಧನ್ಯವಾದ ಎಂದು ಹೇಳಿ, ಮರ್ಯಾದೆಗೆ ನಾನು ಮೊದಲು ಫೋನ್ ಇಡಲಿ ಎಂದು ಕಾದರು. ನಾನೇ ಫೋನ್ ಇಟ್ಟೆ.